ಬೋಟಿನ ತಳದಲ್ಲಿ ಕಿವಿ ಎಲ್ಲಿಡುವುದು?

ಬೋಟಿನ ತಳಕ್ಕೆ ತೂತು ಕೊರೆಯುವುದು ಯಾವ ಬೋಟ್ ಮಾಲೀಕನಿಗೂ ಇಷ್ಟದ ಕೆಲಸ ಅಲ್ಲ. ನೀರು ಒಳಗೆ ಬರಬಾರದು ಅಂತಲೇ ಅಲ್ವಾ ಬೋಟ್ ಕಟ್ಟುವುದು! ಆದರೂ ಫಿಶ್ ಫೈಂಡರ್ ಬೇಕೆಂದರೆ ಬಹಳ ಸಲ ಕೊರೆಯಲೇಬೇಕು. ಅದಕ್ಕೆ ಸಿಗುವ ಸಮಯವೂ ಕಡಿಮೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಬೋಟನ್ನು ಮೇಲಕ್ಕೆಳೆದು ತಳ ಕೆರೆದು, ಬಣ್ಣ ಬಳಿದು, ರಿಪೇರಿ ಮಾಡುವುದು ಆಗಲೇ. ಆ ಎರಡು ತಿಂಗಳಲ್ಲಿ ತಪ್ಪು ಜಾಗದಲ್ಲಿ ತೂತು ಬಿದ್ದರೆ ಆಮೇಲೆ ಇಡೀ ಸೀಸನ್ ಆ ತಪ್ಪಿನ ಜೊತೆಗೇ ಸಮುದ್ರಕ್ಕೆ ಹೋಗಬೇಕು. ಬಲೆ ಎಲ್ಲಿ ಬಿಡುವುದು, ಕೆಳಗೆ ಕಲ್ಲು ಉಂಟಾ, ಆಳ ಎಷ್ಟು ಅನ್ನುವುದನ್ನೆಲ್ಲ ತಾಂಡೇಲ ನೋಡುವುದು ಆ ಪರದೆಯಲ್ಲಿ. ಪರದೆ ಸುಳ್ಳು ಹೇಳಿದರೆ ಡೀಸೆಲ್ ಹೋಯಿತು, ಕೆಲವೊಮ್ಮೆ ಬಲೆಯೂ ಹೋಯಿತು.

ಕುಕ್ಕುಂದೂರಿನಲ್ಲಿ ಕೂತು ಇದನ್ನೆಲ್ಲ ಬರೆಯುವುದು ಸ್ವಲ್ಪ ತಮಾಷೆಯೇ. ಕಾರ್ಕಳದ ಕಡೆಯವರಿಗೆ ಸಮುದ್ರ ಅಂದರೆ ಬೆಳಿಗ್ಗೆ ಹಾರ್ನ್ ಹೊಡೆಯುತ್ತಾ ಬರುವ ಮೀನಿನ ಗಾಡಿ. ಆದರೆ ಆ ಪೆಟ್ಟಿಗೆಯಲ್ಲಿರುವ ಬೂತಾಯಿ ಬಲೆಗೆ ಸಿಕ್ಕಿದ ದಾರಿಯನ್ನು ಹಿಂದಕ್ಕೆ ಹುಡುಕುತ್ತಾ ಹೋದರೆ ನಮ್ಮ ಸಿಲಬಸ್ಸಿನ ಅರ್ಧ ಭಾಗ ಅಲ್ಲಿ ಸಿಗುತ್ತದೆ. ಫಿಸಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಸಿಗ್ನಲ್ಸ್, ಮೆಟೀರಿಯಲ್ಸ್, ಎಲ್ಲ. ಅದಕ್ಕೇ ಈ ಬರಹ.

ಯಂತ್ರದ ಕಥೆ ಸಣ್ಣದು. ಟ್ರಾನ್ಸ್‌ಡ್ಯೂಸರ್ ಒಳಗೆ ಒಂದು ಸೆರಾಮಿಕ್ ಬಿಲ್ಲೆ ಇರುತ್ತದೆ. ವೋಲ್ಟೇಜ್ ಕೊಟ್ಟರೆ ಅದು ನಡುಗುತ್ತದೆ, ಹೊರಗಿನಿಂದ ಯಾರಾದರೂ ನಡುಗಿಸಿದರೆ ವೋಲ್ಟೇಜ್ ಕೊಡುತ್ತದೆ. ಪೀಜೋಎಲೆಕ್ಟ್ರಿಕ್ ಎಫೆಕ್ಟ್ ಅಂತ ಫಸ್ಟ್ ಇಯರಲ್ಲಿ ಎರಡು ಮಾರ್ಕಿಗೆ ಬರೆದದ್ದು ಇದನ್ನೇ. ಅಂದರೆ ಬಾಯಿಯೂ ಅದೇ, ಕಿವಿಯೂ ಅದೇ. ಒಂದು ಸಣ್ಣ ಪಿಂಗ್ ಕೆಳಕ್ಕೆ ಕಳಿಸುತ್ತದೆ, ಸುಮ್ಮನಾಗಿ ಪ್ರತಿಧ್ವನಿಗೆ ಕಾಯುತ್ತದೆ. ನಮ್ಮ ಅರಬ್ಬಿ ಸಮುದ್ರದ ಬೆಚ್ಚಗಿನ ಉಪ್ಪುನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 60 ಮೀಟರ್ ಆಳ ಇದ್ದರೆ ಹೋಗಿ ಬರಲು 120 ಮೀಟರ್, ಅಂದರೆ ಸುಮಾರು 78 ಮಿಲಿಸೆಕೆಂಡು. ಈ ವಿದ್ಯೆಯನ್ನು ಮೀನು ಹಿಡಿಯುವುದಕ್ಕೆ ತಿರುಗಿಸಿದವರು ಜಪಾನಿನ ಫುರುನೊ ಸಹೋದರರು. 1948ರಲ್ಲಿ ನಾಗಸಾಕಿಯಲ್ಲಿ ಅವರು ಜಗತ್ತಿನ ಮೊದಲ ಫಿಶ್ ಫೈಂಡರನ್ನು ಮಾರಾಟಕ್ಕೆ ತಂದರು. ಈಗಲೂ ಜಗತ್ತಿನ ಎಷ್ಟೋ ಬೋಟುಗಳ ವೀಲ್‌ಹೌಸಲ್ಲಿ ಕಾಣುವುದು ಅದೇ ಹೆಸರು.

ಬಾಯಿ ಮತ್ತು ಕಿವಿ ನೀರಿನಲ್ಲೇ ಇರಬೇಕು, ಅಷ್ಟೇ ತಾನೇ, ಎಲ್ಲಿಟ್ಟರೆ ಏನು ಅಂತ ಕೇಳಬಹುದು. ಉತ್ತರ ಒಂದೇ ಪದದಲ್ಲಿ ಹೇಳುವುದಾದರೆ, ಗಾಳಿ.

ನೀರಿನ ಅಕೌಸ್ಟಿಕ್ ಇಂಪಿಡೆನ್ಸ್ ಎಸ್‌ಐ ಯೂನಿಟ್ಟಿನಲ್ಲಿ ಸುಮಾರು 15 ಲಕ್ಷ. ಗಾಳಿಯದ್ದು ಸುಮಾರು 400. ಎರಡರ ನಡುವೆ ಇಷ್ಟು ವ್ಯತ್ಯಾಸ ಇದ್ದಾಗ ಶಬ್ದದ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಆಚೆ ದಾಟುತ್ತದೆ, ಉಳಿದದ್ದೆಲ್ಲ ವಾಪಸ್. ಟ್ರಾನ್ಸ್‌ಡ್ಯೂಸರಿನ ಮುಖದ ಮೇಲೆ ಕಾಗದದಷ್ಟು ತೆಳುವಾದ ಗಾಳಿಯ ಪದರ ಕೂತರೂ ಸಾಕು, ಅದು ಕನ್ನಡಿಯ ಹಾಗೆ ಎಲ್ಲವನ್ನೂ ತಿರುಗಿಸಿ ಕಳಿಸುತ್ತದೆ. ಪೂರ್ತಿ ಪದರವೇ ಬೇಕೆಂದಿಲ್ಲ, ಸಣ್ಣ ಗುಳ್ಳೆಗಳು ಸಾಕು. ಪ್ರತಿ ಗುಳ್ಳೆಗೂ ತನ್ನದೇ ರೆಸೊನೆನ್ಸ್ ಇರುತ್ತದೆ. 50 ಕಿಲೋಹರ್ಟ್ಸಿಗೆ ಸರಿಯಾಗಿ ಕುಣಿಯುವ ಗುಳ್ಳೆಯ ತ್ರಿಜ್ಯ ಮಿಲಿಮೀಟರಿನ ಹದಿನೈದನೇ ಒಂದು ಭಾಗದಷ್ಟು. ಕಣ್ಣಿಗೆ ಕಾಣುವುದೇ ಕಷ್ಟ. ಇಂಥ ಪುಟ್ಟ ಗುಳ್ಳೆಗಳು ಬೇಗ ಮೇಲಕ್ಕೂ ಏರುವುದಿಲ್ಲ, ನೀರಿನ ಜೊತೆಗೇ ಬೋಟಿನ ಹೊಟ್ಟೆಯಡಿ ಜಾರಿಕೊಂಡು ಹೋಗುತ್ತಿರುತ್ತವೆ.

ಇಲ್ಲೊಂದು ಚಂದದ ವಿಷಯ ಉಂಟು. ಬೂತಾಯಿಯಂಥ ಮೀನು ಪರದೆಯಲ್ಲಿ ಕಾಣುವುದಕ್ಕೂ ಕಾರಣ ಇದೇ ಗಾಳಿ. ಮೀನಿನ ಮೈಯಲ್ಲಿ ಹೆಚ್ಚಿನ ಪಾಲು ನೀರೇ, ಶಬ್ದ ಅದನ್ನು ಅಷ್ಟಾಗಿ ಗಮನಿಸದೆ ದಾಟಿಹೋಗುತ್ತದೆ. ಪ್ರತಿಧ್ವನಿ ಕೊಡುವುದು ಮುಖ್ಯವಾಗಿ ಹೊಟ್ಟೆಯೊಳಗಿನ ಗಾಳಿಚೀಲ. ಮೀನಿನೊಳಗೆ ಇದ್ದರೆ ನಮಗೆ ಲಾಭ, ಬೋಟಿನಡಿ ಇದ್ದರೆ ನಷ್ಟ. ಗಾಳಿ ಒಂದೇ, ಜಾಗ ಬೇರೆ.

ಹಾಗಾದರೆ ಬೋಟಿನಡಿ ಗಾಳಿ ಎಲ್ಲಿಂದ ಬರುತ್ತದೆ? ಮೊದಲನೆಯದು ಮೂತಿಯಿಂದ. ಬೋಟಿನ ಮೂತಿ ಅಲೆಯನ್ನು ಸೀಳಿದಾಗ ನೊರೆ ಏಳುತ್ತದೆ, ಆ ನೊರೆಯ ಒಂದಷ್ಟು ಭಾಗ ಕೆಳಕ್ಕೆ ಎಳೆದುಕೊಂಡು ಹೋಗಿ ಹಲ್ಲಿನ, ಅಂದರೆ ಬೋಟಿನ ಮೈಯ, ಉದ್ದಕ್ಕೂ ಹಿಂದಕ್ಕೆ ಹರಿಯುತ್ತದೆ. (ಹಲ್ ಅಂದ ಕೂಡಲೇ ಬಾಯೊಳಗಿನ ಹಲ್ಲು ನೆನಪಾಗುತ್ತದೆ, ಹಾಗಾಗಿ ಇನ್ನು ಮೈ ಅಂತಲೇ ಬರೆಯುತ್ತೇನೆ.) ಎರಡನೆಯದು ಹಿಂದಿನ ಪ್ರೊಪೆಲ್ಲರ್. ಅಲ್ಲಿ ಕ್ಯಾವಿಟೇಶನ್, ಕಲಕು, ಗದ್ದಲ ಮೂರೂ ಒಟ್ಟಿಗೆ. ಮೂರನೆಯದು ಮೈಮೇಲೆ ಚಾಚಿಕೊಂಡಿರುವ ಸಣ್ಣಪುಟ್ಟ ಸಾಮಾನು. ಎಂಜಿನ್ ತಂಪು ಮಾಡಲು ನೀರು ಎಳೆಯುವ ತೂತು, ಬಿಲ್ಜ್ ನೀರು ಹೊರಹಾಕುವ ತೂತು, ತುಕ್ಕು ತಡೆಯಲು ಬಡಿದ ಸತುವಿನ ತುಂಡು, ಜೋಡಣೆಯ ಪಟ್ಟಿ. ಪ್ರತಿಯೊಂದರ ಹಿಂದೆಯೂ ನೀರು ಸುಳಿ ಸುತ್ತುತ್ತದೆ. ಆದ್ದರಿಂದ ಟ್ರಾನ್ಸ್‌ಡ್ಯೂಸರ್ ಇವುಗಳ ಮುಂದೆ ಇರಬೇಕು, ಇವುಗಳ ಹಿಂದೆ ಒಂದೇ ಗೆರೆಯಲ್ಲಿ ಇರಲೇಬಾರದು.

ಮೂತಿಯಲ್ಲಿ ನೊರೆ, ಬಾಲದಲ್ಲಿ ಗದ್ದಲ. ಹಾಗಾದರೆ ಮಧ್ಯೆ ಇಡೋಣ ಅನ್ನಬಹುದು. ಉತ್ತರ ಹತ್ತಿರ ಬಂತು, ಆದರೆ ಸರಿಯಾಗಿ ನಟ್ಟನಡುವೆಯೂ ಅಲ್ಲ. ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದು ಮೂತಿಯಿಂದ ಅಳೆದರೆ ಉದ್ದದ ಮೂರನೇ ಒಂದು ಭಾಗದಿಂದ ಅರ್ಧದವರೆಗಿನ ಜಾಗ. ನಮ್ಮೂರ ಅಳತೆಯಲ್ಲಿ ಹೇಳುವುದಾದರೆ, ಕಾರ್ಕಳದ ಗೊಮ್ಮಟನ ಎತ್ತರ 42 ಅಡಿ. ಅಷ್ಟೇ ಉದ್ದದ ಬೋಟ್ ಅಂದುಕೊಳ್ಳಿ. ಆಗ ಮೂತಿಯಿಂದ 14 ಅಡಿಗೂ 21 ಅಡಿಗೂ ನಡುವೆ ಎಲ್ಲೋ ಒಂದು ಕಡೆ.

ಯಾಕೆ ಅಲ್ಲಿಯೇ? ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಬೋಟ್ ಅಲೆಯ ಮೇಲೆ ಮುಂದಕ್ಕೂ ಹಿಂದಕ್ಕೂ ತೂಗುವಾಗ ನಡುಭಾಗ ಹೆಚ್ಚುಕಡಿಮೆ ಅಲ್ಲಿಯೇ ಇರುತ್ತದೆ, ತುದಿಗಳು ಏರಿಳಿಯುತ್ತವೆ. 5 ಡಿಗ್ರಿ ತೂಗಿದರೆ ನಡುವಿನಿಂದ 10 ಮೀಟರ್ ದೂರದ ಜಾಗ ಸುಮಾರು 87 ಸೆಂಟಿಮೀಟರ್ ಮೇಲೇರುತ್ತದೆ. ಮೂತಿಯ ಹತ್ತಿರ ಟ್ರಾನ್ಸ್‌ಡ್ಯೂಸರ್ ಇದ್ದರೆ ಅದು ಪ್ರತಿ ಅಲೆಗೂ ಮುಕ್ಕಾಲು ಮೀಟರಿಗಿಂತ ಹೆಚ್ಚು ಎದ್ದು ಬೀಳುತ್ತದೆ. ಪರದೆಯಲ್ಲಿ ಸಮತಟ್ಟಾದ ಮರಳಿನ ತಳ ಗರಗಸದ ಹಾಗೆ ಕಾಣುತ್ತದೆ. ಅಲೆ ದೊಡ್ಡದಿದ್ದರೆ ನೀರಿನಿಂದ ಹೊರಗೇ ಬಂದುಬಿಡುತ್ತದೆ, ಆಗ ಏನೂ ಇಲ್ಲ, ಖಾಲಿ. ಹಾಗಾಗಿ ಮೂತಿಯಿಂದ ಹಿಂದಕ್ಕೆ ಬರಬೇಕು.

ತುಂಬಾ ಹಿಂದಕ್ಕೆ ಬಂದರೆ ಬೌಂಡರಿ ಲೇಯರ್ ಕಾಯುತ್ತಾ ಇರುತ್ತದೆ. ಮೈಗೆ ಅಂಟಿಕೊಂಡು ನಿಧಾನವಾಗಿ, ಕಲಕುತ್ತಾ ಹರಿಯುವ ನೀರಿನ ಪದರ ಇದು. ಗುಳ್ಳೆಗಳೆಲ್ಲ ಸೇರಿಕೊಳ್ಳುವುದು ಇದರಲ್ಲೇ. ಕ್ಲಾಸಲ್ಲಿ ಚಪ್ಪಟೆ ಹಲಗೆಗೆ ಹಾಕುವ ಟರ್ಬ್ಯುಲೆಂಟ್ ಸೂತ್ರವನ್ನೇ 8 ನಾಟ್ ವೇಗಕ್ಕೆ, ಅಂದರೆ ಸೆಕೆಂಡಿಗೆ 4 ಮೀಟರಿಗೆ ಹಾಕಿ ನೋಡಿದೆ. ಮೂತಿಯಿಂದ 5 ಮೀಟರಿನಲ್ಲಿ ಪದರದ ದಪ್ಪ ಸುಮಾರು 6 ಸೆಂಟಿಮೀಟರ್. 12 ಮೀಟರಿನಲ್ಲಿ 12ರಿಂದ 13 ಸೆಂಟಿಮೀಟರ್. ನಿಜವಾದ ಬೋಟ್ ಚಪ್ಪಟೆ ಹಲಗೆಯಲ್ಲ, ಮೈಗೆ ಪಾಚಿ ಮೃದ್ವಂಗಿ ಹತ್ತಿದ್ದರೆ ದಪ್ಪ ಇನ್ನೂ ಜಾಸ್ತಿ. ಆದರೂ ವಿಷಯ ಸ್ಪಷ್ಟ. ಹಿಂದಕ್ಕೆ ಹೋದಷ್ಟೂ ಕೊಳಕು ಪದರ ದಪ್ಪ, ಅದರ ಮೇಲೆ ಪ್ರೊಪೆಲ್ಲರಿನ ಗಲಾಟೆ. ಟ್ರಾನ್ಸ್‌ಡ್ಯೂಸರನ್ನು ನೇರವಾಗಿ ಮೈಗೆ ಸಮವಾಗಿ ಕೂರಿಸದೆ ಕೆಳಗೊಂದು ದಪ್ಪ ಬ್ಲಾಕ್ ಕೊಟ್ಟು ಇಳಿಸುವುದು ಯಾಕೆಂದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಮುಖ ಆ ಪದರದಿಂದ ಕೆಳಗೆ, ಶುದ್ಧ ನೀರಿಗೆ ಇಣುಕಬೇಕು. ಇದಕ್ಕೆ ಫೇರಿಂಗ್ ಬ್ಲಾಕ್ ಅನ್ನುತ್ತಾರೆ. ಅದರ ಆಕಾರ ಮೀನಿನ ಹಾಗೆ, ಮುಂದೆ ದುಂಡು, ಹಿಂದೆ ಚೂಪು. ಒರಟಾಗಿ ಕೆತ್ತಿದ ಬ್ಲಾಕ್ ಹಾಕಿದರೆ ಅದೇ ಹೊಸ ಗುಳ್ಳೆಗಳನ್ನು ಹುಟ್ಟಿಸುತ್ತದೆ, ಹಾಕದೇ ಇರುವುದೇ ವಾಸಿ.

ಹಾಗಾದರೆ ಯುದ್ಧನೌಕೆಯವರು ಯಾಕೆ ಸೋನಾರನ್ನು ಮೂತಿಯಲ್ಲೇ ಇಡುತ್ತಾರೆ ಅಂತ ಯಾರಾದರೂ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಕೊಚ್ಚಿಯ ಎನ್‌ಪಿಓಎಲ್ ಲ್ಯಾಬ್ ರೂಪಿಸಿ ನಮ್ಮ ಬಿಇಎಲ್ ತಯಾರಿಸುವ ಹಂಸಾ ಸೋನಾರ್ ನೌಕಾಪಡೆಯ ಹಲವು ಹಡಗುಗಳಲ್ಲಿ ಉಂಟು. ದೊಡ್ಡ ಹಡಗಿನ ಮೂತಿ ನೀರಿನಲ್ಲಿ ತುಂಬಾ ಆಳಕ್ಕೆ ಇಳಿದಿರುತ್ತದೆ. ಅದರ ಬುಡದಲ್ಲಿ ಉಬ್ಬಿದ ಡೋಮ್ ಕಟ್ಟಿದರೆ ಮೇಲ್ಮೈಯ ನೊರೆ ಅಲ್ಲಿಗೆ ಮುಟ್ಟುವುದು ಕಡಿಮೆ, ಹಡಗು ದೊಡ್ಡದಾದ್ದರಿಂದ ತೂಗಾಟವೂ ಕಡಿಮೆ, ತನ್ನದೇ ಪ್ರೊಪೆಲ್ಲರ್ ಬಹಳ ದೂರ. ಜಲಾಂತರ್ಗಾಮಿಯ ಸಣ್ಣ ಶಬ್ದ ಕೇಳಿಸಿಕೊಳ್ಳಬೇಕಾದವನಿಗೆ ಆ ಕೊನೆಯದೇ ದೊಡ್ಡ ಲಾಭ. ನಮ್ಮ ಮೀನಿನ ಬೋಟಿಗೆ ಆ ಆಳವೂ ಇಲ್ಲ, ಆ ಉದ್ದವೂ ಇಲ್ಲ.

ಹಿಂದೆಮುಂದೆ ಆಯಿತು, ಇನ್ನು ಎಡಬಲ. ಬೋಟಿನ ನಟ್ಟನಡುವೆ ಕೀಲ್ ಎಂಬ ಬೆನ್ನುಮೂಳೆ ಕೆಳಕ್ಕೆ ಇಳಿದಿರುತ್ತದೆ, ಅದನ್ನು ಕೊರೆಯುವ ಹಾಗಿಲ್ಲ. ಪಕ್ಕದಲ್ಲಿ ಇಡಬೇಕು, ಆದರೆ ಕೀಲ್ ನೆರಳು ಬೀಳದಷ್ಟು ದೂರದಲ್ಲಿ. ಇಲ್ಲಿ ಬೀಮ್ ಎಷ್ಟು ಅಗಲ ಅನ್ನುವ ಲೆಕ್ಕ ಬೇಕು. 5 ಸೆಂಟಿಮೀಟರ್ ಅಗಲದ ಬಿಲ್ಲೆ 200 ಕಿಲೋಹರ್ಟ್ಸಲ್ಲಿ ಕೂಗಿದರೆ ತರಂಗಾಂತರ ಸುಮಾರು 7.5 ಮಿಲಿಮೀಟರ್, ಬೀಮಿನ ಅಗಲ 9 ಡಿಗ್ರಿ ಹತ್ತಿರ. ಅದೇ ಬಿಲ್ಲೆ 50 ಕಿಲೋಹರ್ಟ್ಸಲ್ಲಿ ಕೂಗಿದರೆ 35 ಡಿಗ್ರಿ. ಕೀಲ್ ಟ್ರಾನ್ಸ್‌ಡ್ಯೂಸರಿನ ಮುಖಕ್ಕಿಂತ 40 ಸೆಂಟಿಮೀಟರ್ ಕೆಳಗಿದ್ದರೆ 50 ಕಿಲೋಹರ್ಟ್ಸಿನ ಬೀಮ್ ತಪ್ಪಿಸಿಕೊಳ್ಳಲು ಕನಿಷ್ಠ 13 ಸೆಂಟಿಮೀಟರ್ ಆಚೆ ಇರಬೇಕು, ಬಿಲ್ಲೆಯ ಅರ್ಧ ಅಗಲ ಬೇರೆ ಸೇರಿಸಿ. ಬೀಮಿನ ಪಕ್ಕದ ಕೊಂಬೆಗಳೂ ಇರುತ್ತವಲ್ಲ, ಹಾಗಾಗಿ ಇನ್ನೂ ಸ್ವಲ್ಪ ಜಾಸ್ತಿ ಬಿಡುವುದು ಜಾಣತನ. ತುಂಬಾ ಆಚೆ ಹೋದರೂ ಆಗದು, ಬೋಟ್ ಪಕ್ಕಕ್ಕೆ ವಾಲಿದಾಗ ಅದು ನೀರಿನ ಮೇಲ್ಮೈಗೆ ಹತ್ತಿರ ಬರುತ್ತದೆ.

ಪಕ್ಕಕ್ಕೆ ಬಂದ ಕೂಡಲೇ ಇನ್ನೊಂದು ತಾಪತ್ರಯ. ಅಲ್ಲಿ ಮೈ ಇಳಿಜಾರು. ಇಳಿಜಾರಿಗೆ ಸಮವಾಗಿ ಕೂರಿಸಿದರೆ ಬೀಮ್ ಓರೆ. 10 ಡಿಗ್ರಿ ಓರೆಯಾದರೆ 60 ಮೀಟರ್ ಆಳದಲ್ಲಿ ಬೀಮ್ ಬೀಳುವುದು ಬೋಟಿನಡಿಗಲ್ಲ, ಹತ್ತೂವರೆ ಮೀಟರ್ ಪಕ್ಕಕ್ಕೆ. ಆಳದ ಓದಿನಲ್ಲಿ ತಪ್ಪು ಒಂದೇ ಮೀಟರಿನಷ್ಟು, ಅದನ್ನು ಸಹಿಸಬಹುದು. ಆದರೆ ತಳ ಓರೆಯಾಗಿ ಸಿಕ್ಕಿದಾಗ ಪ್ರತಿಧ್ವನಿಯ ದೊಡ್ಡ ಪಾಲು ಬೇರೆ ದಿಕ್ಕಿಗೆ ಚಿಮ್ಮುತ್ತದೆ, ಪರದೆ ಮಂಕಾಗುತ್ತದೆ. ಫೇರಿಂಗ್ ಬ್ಲಾಕನ್ನು ಇಳಿಜಾರಿಗೆ ತಕ್ಕ ಹಾಗೆ ಕತ್ತರಿಸಿ ಮುಖ ನೇರ ಕೆಳಕ್ಕೆ ಬರುವಂತೆ ಮಾಡುವುದು ಇದಕ್ಕೆ. ಬೋಟ್ ಮೇಲೆಳೆದಿಟ್ಟಲ್ಲಿ ಸ್ಪಿರಿಟ್ ಲೆವೆಲ್ ಇಟ್ಟು ನೋಡುವಾಗ ಒಂದು ವಿಷಯ ನೆನಪಿರಲಿ, ದಡದಲ್ಲಿ ಬೋಟ್ ನಿಂತಿರುವ ಭಂಗಿ ಬೇರೆ, ಐಸ್ ಮತ್ತು ಡೀಸೆಲ್ ತುಂಬಿ ಸಮುದ್ರದಲ್ಲಿ ತೇಲುವ ಭಂಗಿ ಬೇರೆ.

ಮೈ ಯಾವುದರಿಂದ ಮಾಡಿದ್ದು ಅನ್ನುವುದರ ಮೇಲೆ ತೂತು ಬೇಕೇ ಬೇಡವೇ ಅನ್ನುವುದು ನಿಂತಿದೆ. ಫೈಬರ್ ಬೋಟಿನಲ್ಲಿ ಒಳಗಿನಿಂದಲೇ ಅಂಟಿಸಿ ಮೈಯ ಮೂಲಕ ಕೂಗಿಸಬಹುದು. ಒಂದಷ್ಟು ಶಕ್ತಿ ಫೈಬರಲ್ಲೇ ಸೋರಿಹೋಗುತ್ತದೆ, ಆದರೆ ತೂತಿನ ಭಯ ಇಲ್ಲ. ಷರತ್ತೇನೆಂದರೆ ಫೈಬರ್ ಗಟ್ಟಿಯಾಗಿರಬೇಕು. ನಡುವೆ ಫೋಮ್ ಅಥವಾ ಹಲಗೆ ಇರುವ ಸ್ಯಾಂಡ್‌ವಿಚ್ ಆದರೆ ಮತ್ತೆ ಅದೇ ಗಾಳಿಯ ಕಥೆ. ಅಂಟಿನ ನಡುವೆ ಒಂದು ಗುಳ್ಳೆ ಉಳಿದರೂ ಮುಗಿಯಿತು. ಜಾಗ ಪರೀಕ್ಷಿಸಲು ಸುಲಭದ ಉಪಾಯ ಉಂಟು. ತೆಳು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಟ್ರಾನ್ಸ್‌ಡ್ಯೂಸರನ್ನು ಅದರೊಳಗಿಟ್ಟು ಬಾಯಿ ಕಟ್ಟಿ, ಒದ್ದೆ ಮಾಡಿದ ತಳದ ಮೇಲೆ ಅಲ್ಲಿಲ್ಲಿ ಒತ್ತಿ ನೋಡುವುದು. ತಳ ಚೆನ್ನಾಗಿ ಕಂಡಲ್ಲಿ ಅಂಟು ಹಾಕಿದರಾಯಿತು.

ಮರ ಮತ್ತು ಸ್ಟೀಲಿಗೆ ಈ ಉಪಾಯ ಇಲ್ಲ. ಮರದ ನಾರಿನೊಳಗೆ ಗಾಳಿ ಇರುತ್ತದೆ, ಸ್ಟೀಲಿನ ಮೂಲಕ ಕೂಗಿಸಿದರೆ ಹೆಚ್ಚಿನದು ಅಲ್ಲೇ ಪ್ರತಿಫಲಿಸಿ ಮುಗಿಯುತ್ತದೆ. ತೂತೇ ಗತಿ. ಮರದ ಬೋಟಿಗೆ ಪ್ಲಾಸ್ಟಿಕ್ ಕವಚದ ಟ್ರಾನ್ಸ್‌ಡ್ಯೂಸರ್ ಹಾಕಬೇಡಿ ಅನ್ನುತ್ತಾರೆ, ಕಂಚಿನದ್ದು ಹಾಕಿ ಅನ್ನುತ್ತಾರೆ. ಎರಡು ತಿಂಗಳು ದಡದಲ್ಲಿ ಒಣಗಿದ ಮರ ಆಗಸ್ಟಲ್ಲಿ ನೀರಿಗಿಳಿದ ಮೇಲೆ ಉಬ್ಬುತ್ತದೆ, ಉಬ್ಬುವಾಗ ಪ್ಲಾಸ್ಟಿಕನ್ನು ಹಿಂಡಿ ಒಡೆಯಬಹುದು. ಒಡೆದರೆ ಅದು ಬರೀ ಪಾರ್ಟ್ ಒಡೆದದ್ದಲ್ಲ, ನೀರಿನಡಿಯ ತೂತು ತೆರೆದದ್ದು. ಸ್ಟೀಲ್ ಬೋಟಿಗೆ ಉಲ್ಟಾ ತೊಂದರೆ. ಕಂಚು ಸ್ಟೀಲಿಗೆ ನೇರವಾಗಿ ತಾಗಿದರೆ ಉಪ್ಪುನೀರಲ್ಲಿ ಬ್ಯಾಟರಿಯೇ ಆಗಿಬಿಡುತ್ತದೆ, ಸವೆಯುವುದು ಸ್ಟೀಲ್. ನಡುವೆ ಇನ್ಸುಲೇಶನ್ ಬೇಕೇ ಬೇಕು.

ಪುಸ್ತಕದಲ್ಲಿ ಇಲ್ಲದ, ಬೋಟ್ ನೋಡಿದರೆ ಮಾತ್ರ ಹೊಳೆಯುವ ಕೆಲವು ವಿಷಯಗಳೂ ಉಂಟು. ಬೋಟನ್ನು ಮೇಲೆಳೆಯುವಾಗ ತಳದ ಯಾವ ಭಾಗ ಆಸರೆಯ ಮೇಲೆ ಕೂರುತ್ತದೋ ಅಲ್ಲಿ ಬ್ಲಾಕ್ ಇದ್ದರೆ ಮುಂದಿನ ಜೂನಿಗೆ ಅದು ಪುಡಿ. ಮಲ್ಪೆ ಬಂದರು ಹೊಳೆಯ ಬಾಯಲ್ಲಿದೆ, ಹೂಳು ತುಂಬುತ್ತಲೇ ಇರುತ್ತದೆ, ತಳ ಮರಳಿಗೆ ಉಜ್ಜುವ ಸಂಭವ ಇರುವಲ್ಲಿ ಚಾಚಿದ ಬ್ಲಾಕ್ ಕೀಲಿನ ಆಳಕ್ಕಿಂತ ಕೆಳಗೆ ಇಳಿಯಕೂಡದು. ಪರ್ಸೀನ್ ಬೋಟಿನಲ್ಲಿ ಬಲೆಯನ್ನು ಒಂದು ಪಕ್ಕದಿಂದ ಎಳೆಯುತ್ತಾರೆ, ಆ ಪಕ್ಕದ ತಳದಲ್ಲಿ ಏನಾದರೂ ಚಾಚಿದ್ದರೆ ಬಲೆ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಇನ್ನೊಂದು ಪಕ್ಕ. ಔಟ್‌ಬೋರ್ಡ್ ಎಂಜಿನಿನ ನಾಡದೋಣಿಗಳಿಗೆ ಲೆಕ್ಕ ಬೇರೆ. ಅಲ್ಲಿ ಟ್ರಾನ್ಸ್‌ಡ್ಯೂಸರ್ ಹಿಂದಿನ ಹಲಗೆಗೇ ಬರುತ್ತದೆ, ಪ್ರೊಪೆಲ್ಲರಿನ ರೆಕ್ಕೆ ಕೆಳಕ್ಕೆ ಇಳಿಯುವ ಪಕ್ಕದಲ್ಲಿ ಹಾಕಬೇಕು. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ಹಾಗೆ ತಿರುಗುವುದಾದರೆ ಅದು ಬಲಪಕ್ಕ.

ಮಲ್ಪೆ, ಸೋನಾರ್, 60 ಮೀಟರ್ ಆಳ. ಈ ಮೂರು ಒಟ್ಟಿಗೆ ಬಂದರೆ ನಮ್ಮ ಜಿಲ್ಲೆಯವರಿಗೆ ಸುವರ್ಣ ತ್ರಿಭುಜ ನೆನಪಾಗುತ್ತದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಆ ಬೋಟ್ ಮತ್ತು ಅದರಲ್ಲಿದ್ದ 7 ಮಂದಿ ಮೀನುಗಾರರ ಸಂಪರ್ಕ 15ರಂದು ಕಡಿದುಹೋಯಿತು. ತಿಂಗಳುಗಟ್ಟಲೆ ಹುಡುಕಾಟ, ಪ್ರತಿಭಟನೆ. 2019ರ ಮೇ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಇಂಥ ಹುಡುಕಾಟವನ್ನು ಬೋಟಿನಡಿಯ ಮಾಮೂಲಿ ಫಿಶ್ ಫೈಂಡರಿನಿಂದ ಯಾಕೆ ಮಾಡಲಾಗುವುದಿಲ್ಲ ಅಂತ ಮೇಲಿನ ಲೆಕ್ಕವೇ ಹೇಳುತ್ತದೆ. 60 ಮೀಟರ್ ಆಳದಲ್ಲಿ 50 ಕಿಲೋಹರ್ಟ್ಸಿನ ಬೀಮ್ ತಳದ ಮೇಲೆ 38 ಮೀಟರ್ ಅಗಲದ ವೃತ್ತ. ಆ ವೃತ್ತದೊಳಗೆ ಒಂದು ಇಡೀ ಬೋಟ್ ಮಲಗಿದ್ದರೂ ಪರದೆಯಲ್ಲಿ ಅದು ಒಂದು ಸಣ್ಣ ಗುಡ್ಡೆ, ಕಲ್ಲೋ ಬೋಟೋ ಗೊತ್ತಾಗದು. 200 ಕಿಲೋಹರ್ಟ್ಸಲ್ಲಿ ವೃತ್ತ 9 ಮೀಟರ್, ವಿವರ ಚೆನ್ನ, ಆದರೆ ಒಂದು ಸಲಕ್ಕೆ ಅಷ್ಟೇ ಅಗಲದ ಪಟ್ಟಿ ನೋಡುತ್ತಾ ಸಮುದ್ರ ಗುಡಿಸುವುದು ಹೇಗೆ? ಮುಳುಗಿದ್ದನ್ನು ಹುಡುಕುವವರು ಸಾಮಾನ್ಯವಾಗಿ ಸೈಡ್ ಸ್ಕ್ಯಾನ್ ಸೋನಾರನ್ನು ಉದ್ದದ ಕೇಬಲ್ಲಿಗೆ ಕಟ್ಟಿ, ಹಡಗಿನ ಹಿಂದೆ, ತಳಕ್ಕೆ ಹತ್ತಿರವಾಗಿ ಎಳೆಯುತ್ತಾರೆ. ನೊರೆ ಇಲ್ಲ, ತೂಗಾಟ ಕಡಿಮೆ, ಪ್ರೊಪೆಲ್ಲರ್ ದೂರ. ಬೋಟಿನ ಮೈಮೇಲೆ ಒಳ್ಳೆಯ ಜಾಗ ಹುಡುಕುವ ಎಲ್ಲ ತಲೆಬಿಸಿಗೆ ಅವರ ಉತ್ತರ ಮೈಯನ್ನೇ ಬಿಟ್ಟು ಹೊರಗೆ ಹೋಗುವುದು.

ಮೀನಿನ ಬೋಟಿಗೆ ಅದು ಆಗದು, ಮತ್ತೆ ತೂತಿನ ಹತ್ತಿರ ಬರೋಣ. ಕೊರೆಯುವ ಮೊದಲು ಪರೀಕ್ಷಿಸಬಹುದಾ? ಸ್ವಲ್ಪ ಮಟ್ಟಿಗೆ ಹೌದು. ಗಟ್ಟಿ ಕಂಬಕ್ಕೆ ಟ್ರಾನ್ಸ್‌ಡ್ಯೂಸರ್ ಕಟ್ಟಿ, ಬೋಟಿನ ಪಕ್ಕದಿಂದ ತಳದ ಮಟ್ಟಕ್ಕಿಂತ ಕೆಳಗೆ ಇಳಿಸಿ, ಬೇರೆ ಬೇರೆ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡುವುದು. ಮಣ್ಣಪಳ್ಳದಲ್ಲೋ ಕಾರ್ಕಳದ ರಾಮಸಮುದ್ರದಲ್ಲೋ ಆಳ ಅಳೆಯುವ ರಿಮೋಟ್ ಬೋಟ್ ಪ್ರಾಜೆಕ್ಟ್ ಮಾಡುವವರಿಗೂ ಇದೇ ದಾರಿ ಸುಲಭ, ಅಲ್ಲಂತೂ ತೂತಿನ ಅಗತ್ಯವೇ ಇಲ್ಲ, ಎರಡು ತೇಲುವ ಪೈಪುಗಳ ನಡುವೆ ಕಂಬದಲ್ಲಿ ಇಳಿಬಿಟ್ಟರೆ ಸಾಕು. ಒಂದೇ ವಿಷಯ, ಬೆಚ್ಚಗಿನ ಸಿಹಿನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್ ಆಸುಪಾಸು. ಯಂತ್ರಕ್ಕೆ 1500 ಅಂತ ಹೇಳಿ ಅದೇ ಸೆಟ್ಟಿಂಗಲ್ಲಿ ಸಮುದ್ರಕ್ಕೆ ಹೋದರೆ 60 ಮೀಟರ್ ಆಳವನ್ನು ಅದು ಸುಮಾರು ಒಂದೂವರೆ ಮೀಟರ್ ಕಡಿಮೆ ತೋರಿಸುತ್ತದೆ.

ಕೂರಿಸಿದ ಮೇಲೆ ಪರದೆಯಲ್ಲಿ ಚುಕ್ಕೆಚುಕ್ಕೆ ಗಲೀಜು ಬಂದರೆ ಕೂಡಲೇ ಜಾಗವನ್ನು ಬಯ್ಯಬೇಡಿ. ಮೊದಲು ಎಂಜಿನ್ ಆಫ್ ಮಾಡಿ ಬೋಟ್ ತೇಲಲು ಬಿಟ್ಟು ನೋಡಿ. ಆಗಲೂ ಗಲೀಜು ಇದ್ದರೆ ಅದು ಪಕ್ಕದ ಬೋಟಿನ ಪಿಂಗೋ ನಿಮ್ಮದೇ ಬೇರೆ ಯಂತ್ರವೋ ಆಗಿರಬಹುದು. ಎಂಜಿನ್ ಶುರು ಮಾಡಿ ನ್ಯೂಟ್ರಲಲ್ಲಿ ಆರ್‌ಪಿಎಂ ಏರಿಸಿ. ಅದರ ಜೊತೆಗೇ ಗಲೀಜು ಏರಿದರೆ ಆಲ್ಟರ್ನೇಟರ್ ವೈರಿನ ಪಕ್ಕದಲ್ಲೇ ಕೇಬಲ್ ಎಳೆದಿದ್ದಾರೆ ಅಥವಾ ಎಂಜಿನಿನ ಕಂಪನ ಸೇರುತ್ತಿದೆ ಅಂತ ಅನುಮಾನಿಸಿ. ಗೇರ್ ಹಾಕಿ ಪ್ರೊಪೆಲ್ಲರ್ ತಿರುಗಿದ ಕೂಡಲೇ ಬಂದರೆ ಪ್ರೊಪೆಲ್ಲರ್. ನಿಧಾನದಲ್ಲಿ ಎಲ್ಲ ಸರಿ ಇದ್ದು, 6, 7, 8 ನಾಟ್ ಅಂತ ಏರಿದ ಹಾಗೆ ತಳವೇ ಮಾಯವಾದರೆ ಅದು ಗುಳ್ಳೆ. ಆಗ ಮಾತ್ರ ಬ್ಲಾಕಿನ ಅಂಚು ನಯ ಮಾಡುವುದು, ದಪ್ಪ ಹೆಚ್ಚಿಸುವುದು, ಅದೂ ಆಗದಿದ್ದರೆ ಮುಂದಿನ ಮಳೆಗಾಲದಲ್ಲಿ ಹೊಸ ಜಾಗ.

ಕೊನೆಗೆ ಸೆಟ್ಟಿಂಗಲ್ಲಿ ಒಂದು ನಂಬರ್ ತುಂಬುವುದುಂಟು, ನೀರಿನ ಮಟ್ಟದಿಂದ ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ಎಷ್ಟು ಆಳ ಅಂತ. ಯಂತ್ರ ಅಳೆಯುವುದು ತನ್ನ ಮುಖದಿಂದ ಕೆಳಕ್ಕೆ ಮಾತ್ರ. ಮುಖ 1.5 ಮೀಟರ್ ಕೆಳಗಿದ್ದು ಕೀಲ್ ಅದಕ್ಕಿಂತ ಇನ್ನೂ 40 ಸೆಂಟಿಮೀಟರ್ ಕೆಳಗಿದ್ದರೆ, ಪರದೆಯಲ್ಲಿ 2 ಮೀಟರ್ ಅಂತ ಕಂಡಾಗ ನೀರಿನ ಒಟ್ಟು ಆಳ 3.5 ಮೀಟರಾ, ಕೀಲಿನಡಿ ಉಳಿದದ್ದು 1.6 ಮೀಟರಾ ಅಥವಾ 2 ಮೀಟರಿನಲ್ಲಿ ಆಗಲೇ ಎಲ್ಲ ಸೇರಿದೆಯಾ ಅನ್ನುವುದು ಆ ನಂಬರ್ ಹೇಗೆ ತುಂಬಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಹೊಳೆಬಾಯಿಯಲ್ಲಿ ಇಳಿತದ ಹೊತ್ತಿಗೆ ಒಳಗೆ ಬರುವ ಬೋಟಿಗೆ ಈ ವ್ಯತ್ಯಾಸವೇ ಮರಳಿಗೆ ತಾಗುವುದಕ್ಕೂ ತಾಗದೇ ಇರುವುದಕ್ಕೂ ನಡುವಿನ ಅಂತರ. ಅದಕ್ಕೇ ಬೋಟ್ ಇನ್ನೂ ದಡದಲ್ಲಿರುವಾಗಲೇ ಟೇಪ್ ಹಿಡಿದು ಮುಖದಿಂದ ಕೀಲಿನ ಬುಡಕ್ಕೆ ಎಷ್ಟು ಅಂತ ಅಳೆದು, ವೀಲ್‌ಹೌಸಿನ ಗೋಡೆಯಲ್ಲಿ ಪೇಂಟಲ್ಲಿ ಬರೆದಿಡುವುದು ಒಳ್ಳೆಯದು. ನೀರಿಗಿಳಿದ ಮೇಲೆ ಅದನ್ನು ಅಳೆಯಲು ಮುಳುಗಲೇಬೇಕು.